ಅಪ್ಪನ ಕಡೆಯವರಿಗೆ ಜಾಗವಿಲ್ಲದ ಫಾರಂ

ಮಾನ್ಯರೇ,

ಹೆಂಗಸರ ಕ್ಯಾನ್ಸರ್ ತಪಾಸಣಾ ಶಿಬಿರಗಳಿಗೆ ಪ್ರಶ್ನೆಗಳ ಫಾರಂ ತಯಾರಿಸಿಕೊಟ್ಟ ಅಧಿಕಾರಿಗಳು ನೀವು ಯಾರೇ ಆಗಿರಿ, ಯಾವ ಕಟ್ಟಡದ ಎಷ್ಟನೇ ಮಹಡಿಯಲ್ಲೇ ಕೂತಿರಿ, ಈ ಪತ್ರ ನಿಮಗೆ. ಕಳೆದ ತಿಂಗಳು ಎಡಪ್ಪಾಡಿಯ ಹತ್ತಿರ ನಡೆದ ಶಿಬಿರದಲ್ಲಿ ನನ್ನ ಮಗಳು ಶಶಿಕಲಾಳಿಗೆ ಒಂದು ಹಸಿರು ಚೀಟಿ ಕೊಟ್ಟು ಮನೆಗೆ ಕಳಿಸಿದ್ದೀರಿ. ‘ವಂಶದಲ್ಲಿ ಕ್ಯಾನ್ಸರ್ ಇಲ್ಲ, ಹೆಚ್ಚಿನ ಪರೀಕ್ಷೆ ಅಗತ್ಯವಿಲ್ಲ’ ಎಂದು ಅದರಲ್ಲಿ ಅಚ್ಚಾಗಿದೆ, ಕೆಳಗೆ ದುಂಡಗೆ ಒಂದು ಸೀಲೂ ಇದೆ. ಆ ಚೀಟಿ ಸುಳ್ಳು. ಅದೇ ಸುಳ್ಳನ್ನು ನಿಮಗಿಂತ ಒಂಬತ್ತು ವರ್ಷ ಮೊದಲೇ ಹೇಳಿದವನು ನಾನು. ಹಾಗಾಗಿ ನಿಮ್ಮನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದು ಕೂತರೂ ಬಾಯಿ ಪೂರ್ತಿ ತೆರೆಯುತ್ತಿಲ್ಲ. ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ, ಏಕೆಂದರೆ ನನ್ನ ಸುಳ್ಳಿಗೆ ಸೀಲಿರಲಿಲ್ಲ, ನಿಮ್ಮದಕ್ಕೆ ಇದೆ.

ಹೆಸರು ಚಿನ್ನಸ್ವಾಮಿ, ವಯಸ್ಸು ಐವತ್ತೆಂಟು. ಪಾಲಮಲೆಯ ಕೆಳಗೆ, ಕೊಳತ್ತೂರಿನಿಂದ ದಿನಕ್ಕೆ ಮೂರು ಸಲ ಮಿನಿಬಸ್ಸು ಬಂದುಹೋಗುವ ಊರು. ಕುರಿ ಸಾಕುತ್ತೇನೆ, ಮಳೆ ನೋಡಿಕೊಂಡು ರಾಗಿಯೋ ಕಡಲೆಕಾಯಿಯೋ ಹಾಕುತ್ತೇನೆ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಚಿಕ್ಕಂದಿನಲ್ಲಿ ತಾಯಿಯ ತವರಾದ ಮಾದೇಶ್ವರ ಬೆಟ್ಟದ ಕಡೆ ಹಾಸ್ಟೆಲಿನಲ್ಲಿದ್ದು ಓದಿದ್ದರಿಂದ ಕನ್ನಡ ಬರೆಯಲು ಬರುತ್ತದೆ, ತಮಿಳು ಬರೆಯಲು ಬರುವುದಿಲ್ಲ. ನಿಮಗೆ ಓದಲು ತೊಂದರೆಯಾಗಬಾರದೆಂದು ನನ್ನ ತಂಗಿಯ ಮಗಳು ಸಂಗೀತಾ ಇದರ ತಮಿಳು ಪ್ರತಿ ಮಾಡಿ ನಿಮ್ಮ ಕಚೇರಿಗೆ ಬೇರೆ ಕಳಿಸುತ್ತಾಳೆ. ಪತ್ರಿಕೆಗೆ ಕೊಡುವುದು ಮಾತ್ರ ಕನ್ನಡದ್ದೇ. ಸುಳ್ಳು ಹೇಳಿದ್ದು ತಮಿಳಿನಲ್ಲಿ, ಒಪ್ಪಿಕೊಳ್ಳುವುದಾದರೂ ಮನೆಮಾತಿನಲ್ಲಿ ಆಗಲಿ. ನಮ್ಮವರು ನಾಲ್ಕು ಜನ ಓದಲಿ ಎಂಬ ಆಸೆಯೂ ಇದೆ.

ಮೊದಲು ಒಂದು ಕುರಿಯ ವಿಷಯ ಹೇಳಬೇಕು, ದಯವಿಟ್ಟು ತಾಳ್ಮೆಯಿರಲಿ. ನಮ್ಮ ಕಡೆ ಹಿಂಡಿಗೆ ಹೊಸ ಟಗರು ತರುವವರು ಬರೀ ಟಗರನ್ನು ನೋಡಿ ತರುವುದಿಲ್ಲ. ಮಾರುವವನ ಹಟ್ಟಿಗೆ ಹೋಗಿ ಆ ಟಗರಿನ ತಾಯಿಯನ್ನು ಹಿಡಿದು ನಿಲ್ಲಿಸಿ ಅದರ ಕೆಚ್ಚಲು ಮುಟ್ಟಿ ನೋಡುತ್ತಾರೆ. ಒಂದು ಪಕ್ಕ ಗಟ್ಟಿಯಾಗಿದ್ದರೆ, ಗಂಟಿದ್ದರೆ, ಟಗರು ಎಷ್ಟೇ ಚಂದವಿರಲಿ ಕೈ ಮುಗಿದು ವಾಪಸ್ ಬರುತ್ತಾರೆ. ನನಗೆ ಹತ್ತು ವರ್ಷವಿದ್ದಾಗ ನಮ್ಮಪ್ಪ ನಂಜಪ್ಪ ನನ್ನನ್ನು ಮೇಚೇರಿ ಸಂತೆಗೆ ಕರೆದುಕೊಂಡು ಹೋಗಿದ್ದರು. ಕೆಂಚು ಬಣ್ಣದ ಒಂದು ಟಗರನ್ನು ಕಂಡು ನಾನು ಅಲ್ಲಿಂದ ಕದಲಲೇ ಇಲ್ಲ. ಅಪ್ಪ ಮಾರುವವನನ್ನು ಕೇಳಿದ್ದು ಒಂದೇ ಮಾತು: “ಟಗರು ಚಂದಾಗೈತೆ. ಅದರವ್ವ ಎಲ್ಲೈತೆ?” ಅವನು ಏನೋ ಹಾರಿಕೆ ಉತ್ತರ ಕೊಟ್ಟ. ಅಪ್ಪ ನನ್ನ ಕೈ ಹಿಡಿದು ಎಳೆದುಕೊಂಡು ಹೊರಟರು. ದಾರಿಯಲ್ಲಿ ನಾನು ಮುಖ ಊದಿಸಿಕೊಂಡಿದ್ದಕ್ಕೆ ಹೇಳಿದರು: “ಟಗರಿಗೆ ಕೆಚ್ಚಲಿಲ್ಲ ಅಂತ ಬುಟ್ಬುಡಬ್ಯಾಡ ಕಣ್ಲಾ. ಅದು ಅವ್ವನ ಕೆಚ್ಚಲನ್ನ ಮಗಳಿಗೆ ಒತ್ಕೊಂಡೋಗ್ತೈತೆ. ನಡುವೆ ಅದಕ್ಕೇನೂ ಗೊತ್ತಾಗಲ್ಲ.” ಆವತ್ತಿನಿಂದ ಇವತ್ತಿನವರೆಗೆ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ನಮ್ಮ ಹಟ್ಟಿಯ ಪ್ರತಿ ಟಗರಿನ ತಾಯಿ, ತಾಯಿಯ ತಾಯಿ, ಹೀಗೆ ನಾಲ್ಕು ತಲೆಮಾರು ಅದರಲ್ಲಿ ಬರೆದಿಟ್ಟಿದ್ದೇನೆ. ನನ್ನಿಂದ ಟಗರು ಕೊಂಡವರಿಗೆ ಒಂದು ದಿನವೂ ಸುಳ್ಳು ಹೇಳಿಲ್ಲ.

ಇಷ್ಟೆಲ್ಲ ತಿಳಿದ ನಮ್ಮಪ್ಪನಿಗೆ ಒಬ್ಬಳು ಅಕ್ಕ ಇದ್ದಳು, ಯಲ್ಲಮ್ಮತ್ತೆ. ಮೂವತ್ತೆಂಟನೇ ವಯಸ್ಸಿಗೆ ಅವಳ ಎದೆಯಲ್ಲಿ ಗಂಟಾಗಿ ಒಡೆದು ಹುಣ್ಣಾಯಿತು. ಗಂಡನ ಮನೆಯವರು ತಂದು ಬಿಟ್ಟುಹೋದರು. ನಮ್ಮ ಮನೆಯವರು ಅವಳನ್ನು ಕುರಿಹಟ್ಟಿಯ ಪಕ್ಕದ ಗುಡಿಸಲಿನಲ್ಲಿ ಇಟ್ಟರು. ಬೇವಿನ ಸೊಪ್ಪಿನ ಹೊಗೆ ಹಾಕಿದರೂ ವಾಸನೆ ಹೋಗುತ್ತಿರಲಿಲ್ಲ. ಯಾರಾದರೂ ಕೇಳಿದರೆ ಅಪ್ಪ “ಗಾಳಿ ಸೋಕೈತೆ” ಎನ್ನುತ್ತಿದ್ದರು. ಅದಕ್ಕೂ ಮೊದಲು ಅಪ್ಪನ ತಾಯಿ ಹೊಟ್ಟೆಯಲ್ಲಿ ನೀರು ತುಂಬಿ ಸತ್ತಿದ್ದಳಂತೆ, ಅದನ್ನು ಮಾಟ ಎಂದಿದ್ದರು. ಅಪ್ಪನಿಗೆ ಮಾತ್ರ ಎಪ್ಪತ್ತೆಂಟು ವರ್ಷದವರೆಗೆ ಒಂದು ತಲೆನೋವೂ ಬರಲಿಲ್ಲ. ಕುರಿಯ ಕೆಚ್ಚಲಿಗೆ ನಾಲ್ಕು ತಲೆಮಾರಿನ ಲೆಕ್ಕ ಇಟ್ಟ ಮನೆಯಲ್ಲಿ ಸ್ವಂತ ಅಕ್ಕನ ಎದೆಯ ವಿಷಯವನ್ನು ಗುಡಿಸಲಿನ ಆಚೆ ಬಿಡಲಿಲ್ಲ. ಬಿಟ್ಟರೆ ಮನೆಯ ಹೆಣ್ಣುಗಳನ್ನು ಯಾರು ತೆಗೆದುಕೊಳ್ಳುತ್ತಾರೆ?

ಈಗ ನನ್ನ ಸರದಿಗೆ ಬರುತ್ತೇನೆ. ನನ್ನ ತಂಗಿ ಮುನಿಲಕ್ಷ್ಮಿಯನ್ನು ಕಾರಿಮಂಗಲಂ ಪಕ್ಕದ ಹಳ್ಳಿಗೆ ಕೊಟ್ಟಿದ್ದೇವೆ. ಒಂಬತ್ತು ವರ್ಷದ ಹಿಂದೆ, ಅವಳಿಗೆ ನಲವತ್ತೊಂದು ತುಂಬಿದಾಗ, ಎಡ ಎದೆಯಲ್ಲಿ ಗಂಟು ಸಿಕ್ಕಿತು. ಅವಳ ಗಂಡ ಹಿಂಡು ಹೊಡೆದುಕೊಂಡು ಕಾಡಿನ ಕಡೆ ಹೋಗಿದ್ದರಿಂದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದವನು ನಾನು. ಅಲ್ಲಿ ಒಬ್ಬ ನರ್ಸಮ್ಮ ನಿಮ್ಮ ಇಲಾಖೆಯ ಫಾರಂ ತುಂಬಿಸಿಕೊಳ್ಳುತ್ತಿದ್ದರು. “ಅಮ್ಮಾಕ್ಕು ಇರುಕ್ಕಾ? ಅಕ್ಕಾ ತಂಗಚ್ಚಿಕ್ಕು?” ಎಂದು ಕೇಳಿದರು. ನಮ್ಮವ್ವನಿಗೆ ಇರಲಿಲ್ಲ, ಮುನಿಲಕ್ಷ್ಮಿಗೆ ಬೇರೆ ಅಕ್ಕತಂಗಿಯರಿಲ್ಲ. ಎರಡಕ್ಕೂ ಇಲ್ಲ ಎಂದೆ, ಅದು ನಿಜವೇ. ಅಲ್ಲಿಗೆ ಫಾರಮ್ಮಿನ ಗೆರೆಗಳು ಮುಗಿದಿದ್ದವು. ಆದರೆ ಆ ಪುಣ್ಯಾತ್ಗಿತ್ತಿ, ಫಾರಮ್ಮಿನಲ್ಲಿ ಇಲ್ಲದ ಪ್ರಶ್ನೆಯನ್ನು ತಾನಾಗಿಯೇ ಕೇಳಿದರು: “ವೇರೆ ಯಾರುಕ್ಕಾವದು?” ಬೇರೆ ಯಾರಿಗಾದರೂ ಉಂಟೇ ಎಂದು. ಮುನಿಲಕ್ಷ್ಮಿ ತಲೆಯೆತ್ತಿ “ಅಣ್ಣಾ, ಯಲ್ಲಮ್ಮತ್ತೆ...” ಎಂದು ಶುರು ಮಾಡಿದಳು. ನಾನು ಬೆಂಚಿನ ಕೆಳಗೆ ಅವಳ ಕಾಲು ತುಳಿದೆ. ತುಳಿದು, ನಗುಮುಖ ಮಾಡಿಕೊಂಡು, “ಯಾರುಕ್ಕುಮೇ ಇಲ್ಲೀಂಗಮ್ಮಾ” ಎಂದೆ, ಯಾರಿಗೂ ಇಲ್ಲವಮ್ಮಾ ಎಂದು.

ಯಾಕೆ ಹಾಗೆಂದೆ? ಅದೇ ಸಾಲಿನಲ್ಲಿ ನಮ್ಮ ಹಿಂದೆ ಎರಡು ಆಳು ಬಿಟ್ಟು ಎಡಪ್ಪಾಡಿಯ ಕುಪ್ಪುಸ್ವಾಮಿ ಕೂತಿದ್ದರು, ತಮ್ಮ ಹೆಂಡತಿಯ ಕಣ್ಣು ತೋರಿಸಲು ಬಂದವರು. ಆಗ ಅವರ ಮನೆಗೆ ನನ್ನ ಶಶಿಕಲಾಳನ್ನು ಕೊಡುವ ಮಾತು ನಡೆಯುತ್ತಿತ್ತು. ಇದು ವಂಶದಲ್ಲೇ ಇರುವ ರೋಗ ಎಂದು ಅವರ ಕಿವಿಗೆ ಬಿದ್ದರೆ ಮದುವೆ ಮುರಿಯುತ್ತದೆ ಎಂದು ನಾನು ತಂಗಿಯ ಕಾಲು ತುಳಿದೆ. ಮದುವೆಯಾಯಿತು. ಕುಪ್ಪುಸ್ವಾಮಿಗೆ ಬಲಗಿವಿ ಹುಟ್ಟಿನಿಂದಲೇ ಕೇಳಿಸುವುದಿಲ್ಲ ಎಂದು ಮದುವೆಯಾದ ಮೇಲೆ ಗೊತ್ತಾಯಿತು. ಅವರೂ ನಮಗೆ ಹೇಳಿರಲಿಲ್ಲ. ಆವತ್ತು ನಮ್ಮ ಕಡೆಗಿದ್ದದ್ದು ಅದೇ ಕಿವಿ.

ಮುನಿಲಕ್ಷ್ಮಿಗೆ ಆಪರೇಷನ್ ಆಯಿತು, ಔಷಧಿ ಹತ್ತಿಸಿದರು, ರೇಡಿಯೇಷನ್ ಎಂಬ ಕರೆಂಟು ಕೊಟ್ಟರು, ಉದುರಿದ ಕೂದಲು ಮತ್ತೆ ಬಂತು. ಐದು ವರ್ಷ ಕಳೆದ ಮೇಲೆ ‘ಗುಣವಾಗಿದೆ’ ಎಂದು ಬರೆದುಕೊಟ್ಟರು. ನಾವು ಹರಕೆ ತೀರಿಸಿ ಬಂದೆವು. ವರ್ಷಕ್ಕೊಮ್ಮೆ ಹೋದಾಗ ಕೊಯ್ದ ಪಕ್ಕವನ್ನು ಚೆನ್ನಾಗಿ ನೋಡುತ್ತಿದ್ದರು, ಚರ್ಮ ಒತ್ತಿ, ಕಂಕುಳು ಒತ್ತಿ, ಟಿಕ್ ಹಾಕಿ ಕಳಿಸುತ್ತಿದ್ದರು. ವಾಸಿಯಾದ ಹೆಂಗಸಿಗೆ ಬೇರೆ ಕಡೆ, ಬೇರೆಯದೇ ಇನ್ನೊಂದು ಕ್ಯಾನ್ಸರ್ ಹುಟ್ಟಬಹುದು ಎಂದು ಯಾರೂ ಹೇಳಲಿಲ್ಲ. ಹೇಳಬೇಕಾದರೆ ಅವರ ಮುಂದಿನ ಕಾಗದದಲ್ಲಿ ವಂಶದ ವಿಷಯ ಇರಬೇಕಿತ್ತು. ಆ ಕಾಗದದಲ್ಲಿ ನನ್ನ ‘ಇಲ್ಲೀಂಗಮ್ಮಾ’ ಪ್ರತಿ ವರ್ಷವೂ ನಕಲಾಗಿ ಮುಂದೆ ಹೋಗುತ್ತಿತ್ತು. ಒಮ್ಮೆ ಬರೆದದ್ದನ್ನು ಇನ್ನೊಮ್ಮೆ ಕೇಳುವ ಪದ್ಧತಿ ನಿಮ್ಮಲ್ಲಿ ಇಲ್ಲವೆಂದು ಕಾಣುತ್ತದೆ. ಏಳು ವರ್ಷದಲ್ಲಿ ಒಮ್ಮೆಯಾದರೂ ಯಾರಾದರೂ ಮತ್ತೆ ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆನೇ? ಶಶಿಕಲಾಳ ಮದುವೆ ಆಗಿಹೋಗಿತ್ತು, ಹೇಳುತ್ತಿದ್ದೆನೋ ಏನೋ. ಹೇಳುತ್ತಿದ್ದೆ ಎಂದು ಆಣೆ ಮಾಡುವಷ್ಟು ನಂಬಿಕೆ ನನಗೆ ನನ್ನ ಮೇಲಿಲ್ಲ.

ಹೋದ ವರ್ಷಕ್ಕೆ ಹಿಂದಿನ ವರ್ಷ ಮುನಿಲಕ್ಷ್ಮಿಗೆ ಹೊಟ್ಟೆ ಉಬ್ಬರ ಶುರುವಾಯಿತು. ನಾಲ್ಕು ತಿಂಗಳು ಗ್ಯಾಸಿನ ಮಾತ್ರೆ ನುಂಗಿದಳು. ಕೊನೆಗೆ ಸ್ಕ್ಯಾನ್ ಮಾಡಿದರೆ ಅಂಡಾಶಯದಲ್ಲಿ ಕ್ಯಾನ್ಸರ್, ಹೊಟ್ಟೆಯೊಳಗೆಲ್ಲ ಹರಡಿತ್ತು, ನೀರೂ ತುಂಬಿತ್ತು. ನನಗೆ ಅಜ್ಜಿಯ ಕತೆ ನೆನಪಾಯಿತು. ಈ ಸಲ ಸಿಕ್ಕಿದವರು ವಯಸ್ಸಿನಲ್ಲಿ ಚಿಕ್ಕ ಡಾಕ್ಟರಮ್ಮ. ನಿಮ್ಮ ಫಾರಂ ಅನ್ನು ಪಕ್ಕಕ್ಕಿಟ್ಟು, ಬಿಳಿ ಹಾಳೆಯ ಮೇಲೆ ಗಂಡಸಿಗೊಂದು ಚೌಕ, ಹೆಂಗಸಿಗೊಂದು ಸುತ್ತು ಹಾಕುತ್ತಾ ನಮ್ಮ ಮನೆಯವರನ್ನೆಲ್ಲ ಬರೆದುಕೊಂಡರು. ಅವ್ವನ ಕಡೆ ಮುಗಿಸಿ ತಲೆಯೆತ್ತದೆ ಕೇಳಿದರು: ಅಪ್ಪನ ತಾಯಿಗೆ ಏನಾಗಿತ್ತು, ಅಪ್ಪನ ಅಕ್ಕತಂಗಿಯರಿಗೆ ಏನಾಗಿತ್ತು? ನಾನು ಹೇಳಿದೆ. ಎಲ್ಲ ಹೇಳಿದೆ, ಕಾಲು ತುಳಿದದ್ದನ್ನೂ ಹೇಳಿದೆ. ಅವರು ಅದನ್ನೂ ಹಾಳೆಯ ಅಂಚಿನಲ್ಲಿ ಬರೆದುಕೊಂಡರು. ಆಮೇಲೆ ಮುನಿಲಕ್ಷ್ಮಿಯ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ವಂಶದಲ್ಲಿ ಹರಿದುಬಂದ ಜೀನ್ ಒಂದು ಕೆಟ್ಟಿದೆ, ಅದರ ಹೆಸರು ಬಿಆರ್‌ಸಿಎ ಒಂದು ಎಂದು ಉತ್ತರ ಬಂತು. ಆ ಜೀನ್ ಕೆಟ್ಟಿರುವ ಹೆಂಗಸಿಗೆ ಒಂದು ಎದೆಯ ಕ್ಯಾನ್ಸರ್ ವಾಸಿಯಾದರೂ ಇನ್ನೊಂದು ಎದೆಗೆ ಬರಬಹುದು, ಅಂಡಾಶಯಕ್ಕೂ ಬರಬಹುದು, ಬೇರೆಯವರಿಗಿಂತ ಅವರಿಗೆ ಆ ಭಯ ಬಹಳ ಹೆಚ್ಚು. ಮೊದಲೇ ಗೊತ್ತಿದ್ದರೆ ಅಂಡಾಶಯವನ್ನೇ ತೆಗೆಸಿಬಿಡುವ ದಾರಿ ಇತ್ತಂತೆ. ಖಂಡಿತ ತಪ್ಪುತ್ತಿತ್ತು ಎಂದು ಅವರು ಹೇಳಲಿಲ್ಲ. ತಪ್ಪುವ ಸಾಧ್ಯತೆ ಬಹಳ ಇತ್ತು ಎಂದರು. ನಲವತ್ತೊಂದಕ್ಕೇ ಬಂದಿದೆ ಎಂದಾಗಲೇ ಆಸ್ಪತ್ರೆಯ ಡಾಕ್ಟರುಗಳಾದರೂ ಯೋಚಿಸಬೇಕಿತ್ತು ಎಂದೂ ಹೇಳಿದರು. ಅದು ನನ್ನ ಸಮಾಧಾನಕ್ಕೆ ಹೇಳಿದ ಮಾತು ಎಂದುಕೊಂಡಿದ್ದೇನೆ.

ಮುನಿಲಕ್ಷ್ಮಿ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಆರು ಸಲ ಔಷಧಿ ಹತ್ತಿಸಿ, ಹೊಟ್ಟೆಯ ಆಪರೇಷನ್ನೂ ಆದ ಮೇಲೆ, ಗಂಜಿ ಕುಡಿಯುತ್ತಾ ಕೂತವಳು ಒಂದು ದಿನ ಅಂದಳು: “ನಂದೂ ತಪ್ಪೈತೆ ಅಣ್ಣಾ. ನನ್ ಮೈ ಅಲ್ವಾ, ನಾನೇ ಬಾಯ್ಬುಟ್ಟು ಏಳ್ಬೇಕಿತ್ತು. ನೀನು ಕಾಲು ತುಳಿದೆ ಅಂತ ಸುಮ್ನಾದೆ.” ಅಷ್ಟೇ ಹೇಳಿ ಗಂಜಿಗೆ ಉಪ್ಪು ಸಾಲದು ಎಂದಳು. ನಾನು ಉಪ್ಪು ತರಲು ಒಳಗೆ ಹೋದವನು ಬೇಗ ಹೊರಗೆ ಬರಲಿಲ್ಲ.

ಡಾಕ್ಟರಮ್ಮ ಆಗಲೇ ಹೇಳಿದ್ದರು, ಈ ಜೀನ್ ಗಂಡಸರಲ್ಲೂ ಇರಬಹುದು, ಅವರಿಗೆ ಬಹಳ ಸಲ ಏನೂ ಆಗದೆ ಮಕ್ಕಳಿಗೆ ಹೋಗಬಹುದು ಎಂದು. ಅಪ್ಪ ಮೇಚೇರಿಯ ದಾರಿಯಲ್ಲಿ ಹೇಳಿದ್ದ ಮಾತೇ, ಇವರು ಇಂಗ್ಲಿಷಿನಲ್ಲಿ ಓದಿಕೊಂಡು ಹೇಳಿದರು. ಸಂಗೀತಾಳನ್ನು ಆಸ್ಪತ್ರೆಯವರೇ ಕರೆಸಿದರು. ಅವಳಿಗೆ ‘ಅಮ್ಮ’ ಎಂಬ ಗೆರೆಯಲ್ಲಿ ಹೌದು ಎಂದಿತ್ತಲ್ಲ, ಹಾಗಾಗಿ ನಿಮ್ಮ ಕಂಪ್ಯೂಟರಿಗೂ ಅವಳು ಕಂಡಳು. ಅವಳಿಗೆ ಆ ಜೀನ್ ಬಂದಿಲ್ಲ, ದೇವರು ದೊಡ್ಡವನು. ನಾನು ನನ್ನ ರಕ್ತ ಕೊಡಲು ಎಂಟು ತಿಂಗಳು ಮೀನಮೇಷ ಎಣಿಸಿ ಕೊನೆಗೆ ಕೊಟ್ಟೆ. ನನಗೆ ಇದೆ. ಶಶಿಕಲಾಳಿಗೆ ಇರುವುದು ಇಲ್ಲದಿರುವುದು ಸಮಸಮ, ಅವಳಿಗೆ ಕೂಡಲೇ ತಿಳಿಸಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ನಾನು ಆ ಕಾಗದವನ್ನು ಮಡಿಸಿ ಕುರಿಯ ನೋಟ್‌ಬುಕ್ಕಿನೊಳಗೆ ಇಟ್ಟು ಆರು ವಾರ ಸುಮ್ಮನಿದ್ದೆ. ಅಷ್ಟರಲ್ಲಿ ನಿಮ್ಮ ಶಿಬಿರ ನಡೆದುಹೋಯಿತು.

ಶಿಬಿರದಲ್ಲಿ ಕಂಪ್ಯೂಟರ್ ಹಿಡಿದು ಕೂತಿದ್ದ ಹುಡುಗಿ ಅಮ್ಮ, ಅಕ್ಕತಂಗಿ, ಮಗಳು ಎಂದು ಮೂರು ಹೆಸರು ಓದಿದಳಂತೆ. ಶಶಿಕಲಾಳ ಅವ್ವ ಗಟ್ಟಿಯಾಗಿದ್ದಾಳೆ, ಒಡಹುಟ್ಟಿದ ಹೆಣ್ಣಿಲ್ಲ, ಮಗಳಿಗೆ ಎರಡು ವರ್ಷ. ನನ್ನ ಮಗಳು ನನ್ನಂತಲ್ಲ, ಕೇಳದಿದ್ದರೂ ಹೇಳಿದಳು: ನಮ್ಮಪ್ಪನ ತಂಗಿಗೆ ಎರಡು ಸಲ ಬಂದಿದೆ ಎಂದು. ಆ ಹುಡುಗಿ ಎರಡು ಸಲ ಒತ್ತಿ ನೋಡಿ, “ಅಪ್ಪಾವೋಡ ತಂಗಚ್ಚಿಕ್ಕು ಇದಿಲೆ ಇಡಮೇ ಇಲ್ಲೆಕ್ಕಾ” ಎಂದಳಂತೆ. ಅಪ್ಪನ ತಂಗಿಗೆ ಇದರಲ್ಲಿ ಜಾಗವೇ ಇಲ್ಲ. ಮೂರಕ್ಕೂ ಇಲ್ಲ ಎಂದು ಒತ್ತದಿದ್ದರೆ ಮುಂದಿನ ಪುಟ ಬರುವುದಿಲ್ಲವಂತೆ. ಒತ್ತಿದಳು, ಪುಟ ಬಂತು, ಹಸಿರು ಚೀಟಿಯೂ ಬಂತು. ಆ ಹುಡುಗಿಯನ್ನು ನಾನು ದೂರುವುದಿಲ್ಲ, ಅವಳು ನೀವು ಹಾಕಿಕೊಟ್ಟ ಗೆರೆಯ ಮೇಲೆ ನಡೆದಳು.

ಮಾರನೆಯ ವಾರ ನಾನು ಧೈರ್ಯ ಮಾಡಿ ಎಡಪ್ಪಾಡಿಗೆ ಹೋದೆ. ಜಗಲಿಯ ಮೇಲೆ ಕೂತು ಶಶಿಕಲಾಳಿಗೆ ನನ್ನ ಕಾಗದ ತೋರಿಸಿದೆ, ಒಂಬತ್ತು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಮಾಡಿದ್ದನ್ನೂ ಹೇಳಿದೆ. ಅವಳು ಕಾಗದ ಮುಟ್ಟಲಿಲ್ಲ. ಒಳಗೆ ಹೋಗಿ ಹಸಿರು ಚೀಟಿ ತಂದಳು. ಅವಳ ಅತ್ತೆ ಅದನ್ನು ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿದ್ದರು.

“ಸರ್ಕಾರದೋರು ಕಂಪ್ಯೂಟರ್‌ಲಿ ನೋಡಿ ಇಲ್ಲ ಅಂತ ಸೀಲ್ ಆಕಿ ಕೊಟ್ಟವ್ರೆ,” ಎಂದಳು. “ಇಲ್ಲಿ ಎಲ್ರೂ ನೆಮ್ಮದಿಯಾಗವ್ರೆ. ನೀನ್ಯಾಕಪ್ಪಾ ಈಗ ಬಂದು ಬಯ ಉಟ್ಟಿಸ್ತೀಯ?”

“ಆ ಚೀಟಿ ತಪ್ಪು ಕಣವ್ವಾ. ನಾನು ಏಳೋದು ನಿಜ,” ಎಂದೆ.

ಅವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನನ್ನನ್ನೇ ನೋಡಿದಳು. “ಅವತ್ತು ಇಲ್ಲ ಅಂದೆ. ಇವತ್ತು ಐತೆ ಅಂತೀಯ. ನಾನು ಯಾವುದನ್ನಪ್ಪಾ ನಂಬ್ಲಿ?”

ಮಾನ್ಯರೇ, ನಾನು ಕಾಗದವನ್ನು ಮಡಿಸಿ ಜೇಬಿಗಿಟ್ಟೆ. ಕಾಫಿ ಕುಡಿದು ಎದ್ದುಬಂದೆ. ನನ್ನ ಮಗಳಿಗೆ ಇಪ್ಪತ್ತೊಂಬತ್ತು ವರ್ಷ. ಯಲ್ಲಮ್ಮತ್ತೆಗೆ ಮೂವತ್ತೆಂಟು, ಮುನಿಲಕ್ಷ್ಮಿಗೆ ನಲವತ್ತೊಂದು. ಉಳಿದಿರುವ ವರ್ಷಗಳನ್ನು ನಾನು ದಿನವೂ ಎಣಿಸುತ್ತೇನೆ. ಇಷ್ಟಕ್ಕೂ ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ದೊಡ್ಡ ದೊಡ್ಡ ಓದು ಓದಿದ ನಿಮಗೆ, ಹೆಣ್ಣಿಗೆ ಅಪ್ಪನೂ ಒಬ್ಬ ಇರುತ್ತಾನೆ, ಅವನಿಗೂ ತಾಯಿ ಇರುತ್ತಾಳೆ ಎಂದು ಹೊಳೆಯಲಿಲ್ಲವೇ? ಕುರಿ ಕಾಯುವವರು ಸಂತೆಯಲ್ಲಿ ಕೇಳುವ ಪ್ರಶ್ನೆ ನಿಮ್ಮ ಸಭೆಯಲ್ಲಿ ಒಬ್ಬರಿಗೂ ಬರಲಿಲ್ಲವೇ? ಕಾಗದದಲ್ಲಿ ಜಾಗ ಸಾಲಲಿಲ್ಲವೆಂದರೆ ನಂಬುವುದು ಕಷ್ಟ. ಅದೇ ಫಾರಮ್ಮಿನ ತಲೆಯ ಮೇಲೆ ಯೋಜನೆಯ ಹೆಸರು, ಘೋಷವಾಕ್ಯ, ನಗುತ್ತಿರುವ ಹೆಂಗಸಿನ ಚಿತ್ರ ಸೇರಿ ಅರ್ಧ ಪುಟ ಇದೆ. ಆ ನಗುವನ್ನು ಸ್ವಲ್ಪ ಚಿಕ್ಕದು ಮಾಡಿದರೆ ಎರಡು ಗೆರೆ ಧಾರಾಳವಾಗಿ ಹಿಡಿಸುತ್ತದೆ.

ಇಷ್ಟು ಕಟುವಾಗಿ ಬರೆಯುವ ಯೋಗ್ಯತೆ ನನಗಿಲ್ಲ, ಗೊತ್ತು. ನಿಮಗೆ ತಿಳಿಯದೆ ಬಿಟ್ಟುಹೋಯಿತು, ನಾನು ತಿಳಿದೂ ಮುಚ್ಚಿಟ್ಟೆ. ಹೋಲಿಸಿದರೆ ನನ್ನದೇ ದೊಡ್ಡದು. ಆದರೆ ನನ್ನಂಥವರು ಒಬ್ಬರಿಬ್ಬರಲ್ಲ. ಪಾಲಮಲೆಯಿಂದ ಕಾರಿಮಂಗಲದವರೆಗೆ ನಮ್ಮವರ ಮನೆ ಮನೆಯಲ್ಲೂ ಒಂದು ಗುಡಿಸಲಿನ ಕತೆ ಇದೆ, ಅದನ್ನು ಮುಚ್ಚಿಡಲು ಒಬ್ಬ ಅಣ್ಣನೋ ಗಂಡನೋ ಪಕ್ಕದಲ್ಲೇ ಕೂತಿರುತ್ತಾನೆ. ನಾವು ಮುಚ್ಚಿಡುವವರು ಎಂದು ತಿಳಿದು ನೀವು ಫಾರಂ ಮಾಡಬೇಕು. ನಾವು ಒಳ್ಳೆಯವರು ಎಂದು ನಂಬಿ ಮಾಡಿದ ಫಾರಂ ನಮ್ಮಂಥವರ ಕೈಯಲ್ಲಿ ಹೀಗೆಯೇ ಆಗುತ್ತದೆ.

ಆದ್ದರಿಂದ ಬೇಡಿಕೆ ಇಷ್ಟು. ಫಾರಮ್ಮಿನಲ್ಲಿ ಅಪ್ಪನ ತಾಯಿಗೆ ಒಂದು ಗೆರೆ, ಅಪ್ಪನ ಅಕ್ಕತಂಗಿಯರಿಗೆ ಒಂದು ಗೆರೆ ಹಾಕಿ. ಪ್ರಶ್ನೆ ಕೇಳುವಾಗ ಜೊತೆಗೆ ಬಂದ ಗಂಡಸನ್ನು ಹೊರಗೆ ಕಳಿಸಿ, ಟೀ ಕುಡಿದು ಬಾ ಎಂದರೂ ಸಾಕು, ಹೋಗುತ್ತಾನೆ. ಒಮ್ಮೆ ಎದೆಯ ಕ್ಯಾನ್ಸರಿನಿಂದ ಬದುಕಿ ಬಂದವಳನ್ನು ಪ್ರತಿ ವರ್ಷ ಹೊಸದಾಗಿ ಕೇಳಿ, ಹಳೆಯ ಉತ್ತರವನ್ನು ನಕಲು ಮಾಡಬೇಡಿ, ಎರಡನೆಯದು ಬರಬಹುದೆಂದು ಬಾಯಿಬಿಟ್ಟು ಹೇಳಿ. ಇವೆಲ್ಲ ಆಗಲು ನಿಮಗೆ ಸಭೆ, ಕಡತ, ಸಹಿ ಬೇಕು, ವರ್ಷ ಹಿಡಿಯಬಹುದು, ನನಗೆ ಅರ್ಥವಾಗುತ್ತದೆ. ಆದರೆ ಒಂದು ಕೆಲಸ ಮಾತ್ರ ಈ ವಾರವೇ ಆಗಬೇಕು. ಶಶಿಕಲಾಳ ಹಸಿರು ಚೀಟಿ ತಪ್ಪಾಗಿದೆ, ರದ್ದಾಗಿದೆ, ರಕ್ತ ಪರೀಕ್ಷೆಗೆ ಬರಬೇಕು ಎಂದು ನಿಮ್ಮ ಕಚೇರಿಯಿಂದ ಅವಳ ಹೆಸರಿಗೆ ಒಂದು ಕಾಗದ ಹೋಗಬೇಕು. ಸೀಲು ದೊಡ್ಡದಾಗಿ, ದುಂಡಗೆ ಇರಲಿ. ಅಪ್ಪನ ಮಾತನ್ನು ಅವಳು ನಂಬುವುದಿಲ್ಲ, ನಂಬದ ಹಾಗೆ ಮಾಡಿದವನು ನಾನೇ. ನಿಮ್ಮ ಸೀಲನ್ನು ಅವಳು ನಂಬುತ್ತಾಳೆ.

ನನ್ನ ಪಾಲಿನ ಕೆಲಸವನ್ನು ನಾನು ಮಾಡಿದ್ದೇನೆ. ಕುರಿಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅಜ್ಜಿಯ ಹೆಸರು, ಯಲ್ಲಮ್ಮತ್ತೆಯ ಹೆಸರು, ಅಪ್ಪನ ಹೆಸರು, ಅವರ ಕೆಳಗೆ ನನ್ನದು ಮತ್ತು ಮುನಿಲಕ್ಷ್ಮಿಯದು, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂದು ಬರೆದಿದ್ದೇನೆ. ಮುನಿಲಕ್ಷ್ಮಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಯಲ್ಲಮ್ಮತ್ತೆಯ ವಯಸ್ಸು ಮೂವತ್ತೆಂಟಲ್ಲ, ಮೂವತ್ತಾರು ಎಂದು ತಿದ್ದಿದಳು. ಈ ಸಲ ನಾನು ಅವಳನ್ನು ಮಾತಾಡಲು ಬಿಟ್ಟೆ. ಮೇಲೆ ಮೂವತ್ತೆಂಟು ಎಂದು ಬರೆದಿರುವ ಕಡೆಯೆಲ್ಲ ನೀವೂ ದಯವಿಟ್ಟು ಮೂವತ್ತಾರು ಎಂದೇ ಓದಿಕೊಳ್ಳಿ. ನನ್ನ ಮಗಳ ಲೆಕ್ಕದಲ್ಲಿ ಎರಡು ವರ್ಷ ಕಡಿಮೆಯಾಯಿತು.

ಇಂತಿ,
ಬೆಂಚಿನ ಕೆಳಗೆ ತಂಗಿಯ ಕಾಲು ತುಳಿದ ಅಣ್ಣ,
ಚಿನ್ನಸ್ವಾಮಿ,
ನಂಜಪ್ಪನ ಮಗ, ಶಶಿಕಲಾಳ ಅಪ್ಪ